ದೃಶ್ಯಕ್ಕೆ ಹೆಸರಿಡುವವರು ಯಾರು?

(ಬರ್ಲಿನ್‌ನಲ್ಲಿ ಸೇರಿದ್ದ ಕನ್ನಡ ಬಳಗದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಪರಿಷ್ಕೃತ ಪಠ್ಯ)



ಸಾಹಿತ್ಯ, ರಾಜಕಾರಣಗಳ ಚರ್ಚೆಗೆಂದು ಸೇರಿದ ಸಭೆಯಲ್ಲಿ ತಂತ್ರಾಂಶವೊಂದರ ಬಗ್ಗೆ ಮಾತನಾಡಲು ನಿಂತಿರುವುದಕ್ಕೆ ಕಾರಣವಿದೆ. ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಬಳಗದವರ ಬಳಿ ಸಾಕಷ್ಟು ವಿಡಿಯೋ ಸೇರಿದೆ. ರಜೆಗೆ ಊರಿಗೆ ಹೋದವರು ಪೌರಕಾರ್ಮಿಕರನ್ನು, ಬೀಡಿ ಕಟ್ಟುವ ಹೆಂಗಸರನ್ನು, ಭೂಮಿ ಕಳೆದುಕೊಂಡ ರೈತರನ್ನು ಮಾತನಾಡಿಸಿ ಚಿತ್ರೀಕರಿಸಿಕೊಂಡು ಬಂದಿದ್ದಾರೆ. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಇದೇ ನಗರದಲ್ಲಿ ನಾವು ನಿಂತ ಚಳಿಗಾಲದ ಸಂಜೆಗಳ ದೃಶ್ಯಗಳಿವೆ. ಊರಿನ ಸಂಗಾತಿಗಳು ‘ನಿಮ್ಮಲ್ಲಿ ಸುರಕ್ಷಿತವಾಗಿರಲಿ’ ಎಂದು ಕಳಿಸಿದವೂ ಇವೆ. ಇವೆಲ್ಲ ಈಗ ಎಲ್ಲಿವೆ? ಯಾರದೋ ಮೇಜಿನ ಖಾನೆಯ ಹಾರ್ಡ್ ಡಿಸ್ಕಿನಲ್ಲಿ, ‘ಊರು 2’, ‘ಹೊಸದು’, ‘ಫೈನಲ್ ಕಾಪಿ’ ಎಂಬ ಫೋಲ್ಡರುಗಳಲ್ಲಿ. ಇವನ್ನೆಲ್ಲ ಒಂದೆಡೆ ಜೋಡಿಸಿ ನೋಡಲು ತಕ್ಕ ತಂತ್ರಾಂಶ ಯಾವುದು, ಯಾವುದು ಅಗ್ಗ, ಯಾವುದು ಸುಲಭ ಎಂದು ತಿಳಿಸುವಂತೆ ನನ್ನನ್ನು ಕೇಳಿದಿರಿ. ಹೇಳುತ್ತೇನೆ. ಆದರೆ ಅಗ್ಗ, ಸುಲಭಗಳ ಪ್ರಶ್ನೆಗಿಂತ ಮೊದಲು ಇತ್ಯರ್ಥವಾಗಬೇಕಾದ ಇನ್ನೊಂದು ಪ್ರಶ್ನೆಯಿದೆ: ಈ ದೃಶ್ಯಗಳಲ್ಲಿ ಇರುವುದು ಏನು ಎಂದು ಬರೆಯುವ ಅಧಿಕಾರ ಯಾರದು?

ಮೊದಲು ಈ ತಂತ್ರಾಂಶಗಳು ಮಾಡುವ ಕೆಲಸವೇನೆಂದು ನೋಡೋಣ. ಇಂಗ್ಲಿಷಿನಲ್ಲಿ ಇವನ್ನು ಮೀಡಿಯಾ ಅಸೆಟ್ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ. ಕ್ಯಾಮೆರಾದಿಂದ ಬಂದ ಮೂಲ ಫೈಲನ್ನು ಇದು ಒಳಗೆ ತೆಗೆದುಕೊಂಡು ಮುಟ್ಟದೆ ಇಡುತ್ತದೆ. ನೋಡುವುದಕ್ಕೆಂದು ಅದರ ಹಗುರವಾದ ಪ್ರತಿಯೊಂದನ್ನು ತಯಾರಿಸುತ್ತದೆ. ಇದಕ್ಕೆ ಪ್ರಾಕ್ಸಿ ಎಂಬ ಹೆಸರು. ತೆಗೆದ ದಿನಾಂಕ, ಸ್ಥಳ, ತೆಗೆದವರ ಹೆಸರು, ಒಪ್ಪಿಗೆಯ ಪತ್ರ ಇವುಗಳನ್ನು ಫೈಲಿಗೆ ಅಂಟಿಸಿಕೊಳ್ಳುತ್ತದೆ. ದೃಶ್ಯದ ಹನ್ನೆರಡನೆಯ ನಿಮಿಷದ ಮೂರನೆಯ ಸೆಕೆಂಡಿಗೆ ಸರಿಯಾಗಿ ಒಂದು ಟಿಪ್ಪಣಿ ಬರೆದರೆ, ಮುಂದೆ ಆ ಪದವನ್ನು ಹುಡುಕಿದವರಿಗೆ ನೇರವಾಗಿ ಆ ಕ್ಷಣವನ್ನೇ ತೆರೆದು ತೋರಿಸುತ್ತದೆ. ಯಾರು ನೋಡಬಹುದು, ಯಾರು ತಿದ್ದಬಹುದು, ಯಾರು ಇಳಿಸಿಕೊಳ್ಳಬಹುದು ಎಂಬುದನ್ನು ಬೇರೆಬೇರೆಯಾಗಿ ನಿಗದಿ ಮಾಡಲು ಬರುತ್ತದೆ.

‘ಅಸೆಟ್’ ಎಂದರೆ ಆಸ್ತಿ. ನಮ್ಮ ಭಾಷೆಯಲ್ಲಿ ಆಸ್ತಿ ಎಂದೊಡನೆ ಖಾತೆ, ಪಾಲು, ವ್ಯಾಜ್ಯಗಳು ನೆನಪಾಗುತ್ತವೆ, ಅದು ತಪ್ಪೇನಲ್ಲ. ಈ ತಂತ್ರಾಂಶಗಳು ಬೆಳೆದದ್ದು ಟಿವಿ ವಾಹಿನಿಗಳ, ಸಿನಿಮಾ ಸಂಸ್ಥೆಗಳ, ಜಾಹೀರಾತು ಕಂಪನಿಗಳ ಅಗತ್ಯಕ್ಕಾಗಿ. ಅಲ್ಲಿ ದೃಶ್ಯದ ಒಡೆಯ ಯಾರೆಂಬ ಬಗ್ಗೆ ಸಂದೇಹವಿಲ್ಲ. ಹಣ ಹಾಕಿದವರೇ ಒಡೆಯರು. ಅಲ್ಲಿ ‘ಪರಿಶೀಲನೆ’ ಎಂದರೆ ಸಂಕಲನಕಾರರು ಕಳಿಸಿದ್ದನ್ನು ನಿರ್ದೇಶಕರೋ ನಿರ್ಮಾಪಕರೋ ನೋಡಿ ಒಪ್ಪುವುದು. ಹೀಗೆ ಚೌಕಟ್ಟು ಚೌಕಟ್ಟಿಗೂ ಟಿಪ್ಪಣಿ ಬರೆದು ಒಪ್ಪಿಗೆ ಕೊಡುವ ಫ್ರೇಮ್.ಐಓ ಎಂಬ ಸೇವೆಯನ್ನು ಅಡೋಬಿ ಕಂಪನಿ 2021ರಲ್ಲಿ 127.5 ಕೋಟಿ ಡಾಲರಿಗೆ ಕೊಂಡಿತು. ಅದರ ಕಾರ್ಯಕೌಶಲದ ಬಗ್ಗೆ ನನ್ನ ತಕರಾರಿಲ್ಲ. ಆದರೆ ದೃಶ್ಯದೊಳಗೆ ಕುಳಿತು ಮಾತನಾಡಿದ ವ್ಯಕ್ತಿಗೆ ಆ ವ್ಯವಸ್ಥೆಯಲ್ಲಿ ಸ್ಥಾನವಿಲ್ಲ. ನಮಗೆ ಬೇಕಾಗಿರುವುದು ಆ ವ್ಯಕ್ತಿಯೇ ಪರಿಶೀಲಕರಾಗುವ ವ್ಯವಸ್ಥೆ.

ಅಂಥ ಆಲೋಚನೆಗೆ ಈ ನಗರದ ಮತ್ತು ನಮ್ಮ ಬೆಂಗಳೂರಿನ ಕೊಡುಗೆ ಇದೆಯೆಂಬುದು ನಿಮ್ಮಲ್ಲಿ ಹಲವರಿಗೆ ತಿಳಿದಿರಲಾರದು. 2008ರಲ್ಲಿ ಪ್ಯಾಡ್.ಮಾ ಎಂಬ ವಿಡಿಯೋ ಸಂಗ್ರಹವೊಂದು ಆರಂಭವಾಯಿತು. ಮುಂಬಯಿಯ ಕ್ಯಾಂಪ್, ಮಜ್ಲಿಸ್ ಮತ್ತು ಪಾಯಿಂಟ್ ಆಫ್ ವ್ಯೂ, ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಂ, ಬರ್ಲಿನ್‌ನ ಆಯಿಲ್21 ಸೇರಿ ಕಟ್ಟಿದ್ದು ಅದು. ಪೂರ್ಣಗೊಂಡ ಚಿತ್ರಗಳನ್ನಲ್ಲ, ಚಿತ್ರಕ್ಕೆಂದು ತೆಗೆದ ಕಚ್ಚಾ ಫೂಟೇಜನ್ನು ಸಂಗ್ರಹಿಸುವುದು ಅದರ ಮುಖ್ಯ ಉದ್ದೇಶ. ಸಾಕ್ಷ್ಯಚಿತ್ರ ಮಾಡುವವರು ಹತ್ತಾರು ಗಂಟೆ ಚಿತ್ರೀಕರಿಸಿ ಒಂದು ಗಂಟೆಯನ್ನು ಉಳಿಸಿಕೊಳ್ಳುತ್ತಾರೆ. ಉಳಿದದ್ದರಲ್ಲಿ ಚಿತ್ರದ ವಾದಕ್ಕೆ ಒಗ್ಗದ ಮಾತುಗಳಿರುತ್ತವೆ, ಪ್ರಶ್ನೆಗೆ ಉತ್ತರ ಕೊಡದೆ ಎದ್ದುಹೋದವರಿರುತ್ತಾರೆ. ಇತಿಹಾಸಕಾರರಿಗೆ ಬೇಕಾದದ್ದು ಎಷ್ಟೋ ಸಲ ಅದೇ.

ಪ್ಯಾಡ್.ಮಾ ಈಗ ನಡೆಯುವುದು ಪಂಡೋರಾ ಎಂಬ ಮುಕ್ತ ತಂತ್ರಾಂಶದ ಮೇಲೆ. ಅದರಲ್ಲಿ ಒಂದು ವಿಡಿಯೋ ತೆರೆದರೆ ಕೆಳಗೆ ಇಡೀ ದೃಶ್ಯಾವಳಿ ಬಣ್ಣದ ಪಟ್ಟಿಯಾಗಿ ಹರಡಿಕೊಳ್ಳುತ್ತದೆ. ಹೊರಾಂಗಣ ಮುಗಿದು ಒಳಾಂಗಣ ಆರಂಭವಾದದ್ದು ಎಲ್ಲಿ, ಕತ್ತಲಾದದ್ದು ಎಲ್ಲಿ ಎಂಬುದು ವಿಡಿಯೋ ಓಡಿಸದೆಯೇ ಕಣ್ಣಿಗೆ ಕಾಣುತ್ತದೆ. ಪಕ್ಕದಲ್ಲಿ ಪದರ ಪದರವಾಗಿ ಬರಹಗಳಿರುತ್ತವೆ: ಆಡಿದ ಮಾತಿನ ಲಿಪ್ಯಂತರ ಒಂದು ಪದರ, ದೃಶ್ಯದ ವಿವರಣೆ ಇನ್ನೊಂದು, ಸ್ಥಳ ಮತ್ತೊಂದು, ಸೂಚಕ ಪದಗಳು ಬೇರೊಂದು. ಒಂದೇ ಕ್ಷಣದ ಮೇಲೆ ಇಬ್ಬರು ಎರಡು ವಿವರಣೆ ಬರೆಯಬಹುದು, ಎರಡೂ ಉಳಿಯುತ್ತವೆ. ಇದು ಸಣ್ಣ ಸಂಗತಿಯಲ್ಲ. ಸಾಮಾನ್ಯ ತಂತ್ರಾಂಶಗಳಲ್ಲಿ ವಿವರಣೆಗೆ ಒಂದೇ ಖಾನೆ. ಕೊನೆಗೆ ತಿದ್ದಿದವರ ಮಾತೇ ಅಂತಿಮ.

ಈಜಿಪ್ಟಿನ ಕ್ರಾಂತಿಯನ್ನು ಬೀದಿಯಲ್ಲಿ ನಿಂತು ಚಿತ್ರೀಕರಿಸಿದ ಮೊಸಿರೀನ್ ಗುಂಪಿನವರು 2018ರ ಜನವರಿಯಲ್ಲಿ ತಮ್ಮ ಸಂಗ್ರಹವನ್ನು ಸಾರ್ವಜನಿಕಗೊಳಿಸಿದಾಗ ಬಳಸಿದ್ದು ಇದೇ ತಂತ್ರಾಂಶವನ್ನು. ಅದರ ಹೆಸರೇ 858, ಆಗ ಅಲ್ಲಿದ್ದ ವಿಡಿಯೋದ ಗಂಟೆಗಳ ಲೆಕ್ಕ. ಪ್ರಭುತ್ವ ತನ್ನ ಕಥನವನ್ನು ಶಾಲೆಯ ಪುಸ್ತಕಕ್ಕೂ ಟಿವಿಗೂ ಹಂಚುತ್ತಿದ್ದ ಹೊತ್ತಿನಲ್ಲಿ ಅವರು ಮಾಡಿದ ಕೆಲಸ ದಿನಾಂಕ, ಸ್ಥಳಗಳೊಡನೆ ದೃಶ್ಯಗಳನ್ನು ಜೋಡಿಸಿಟ್ಟದ್ದು. ಬೇಸರದ ಕೆಲಸವದು. ಘೋಷಣೆ ಕೂಗುವಷ್ಟು ಹುರುಪು ಅದರಲ್ಲಿಲ್ಲ.

ಹೆಸರಿಡುವ ಪ್ರಶ್ನೆಗೆ ಬರುತ್ತೇನೆ. ನಾಜಿ ನರಮೇಧದಿಂದ ಉಳಿದವರ 50 ಸಾವಿರಕ್ಕೂ ಹೆಚ್ಚು ಸಾಕ್ಷ್ಯಗಳನ್ನು 1994ರಲ್ಲಿ ಆರಂಭವಾದ ಶೋವಾ ಫೌಂಡೇಶನ್ ದಾಖಲಿಸಿದೆ. ಸಾಕ್ಷ್ಯಗಳನ್ನು ಒಂದೊಂದು ನಿಮಿಷದ ತುಂಡುಗಳನ್ನಾಗಿ ಮಾಡಿ, ಸಾವಿರಾರು ಪದಗಳ ನಿಯಂತ್ರಿತ ಪಟ್ಟಿಯಿಂದ ಪ್ರತಿ ತುಂಡಿಗೂ ಸೂಚಕ ಪದ ಕೊಟ್ಟಿದ್ದಾರೆ. ಆ ಶ್ರಮಕ್ಕೆ ನಾನು ತಲೆಬಾಗುತ್ತೇನೆ. ಆದರೂ ಪಟ್ಟಿಯಲ್ಲಿ ಇಲ್ಲದ ಪದವನ್ನು ಹುಡುಕುವವರಿಗೆ ಆ ನಿಮಿಷ ಸಿಗುವುದು ಕಷ್ಟ. ಪಟ್ಟಿ ಮಾಡುವವರ ಲೋಕದೃಷ್ಟಿ ಪಟ್ಟಿಯೊಳಗೆ ಕುಳಿತುಬಿಡುತ್ತದೆ.

ನಮ್ಮ ಸಂದರ್ಭದಲ್ಲಿ ಇದರ ಅರ್ಥವೇನು? ನಾನು ಕೆಲಸ ಮಾಡುತ್ತಿರುವ ಒಂದು ಸಂಶೋಧನೆಯಲ್ಲಿ ನಿವೃತ್ತ ಪೌರಕಾರ್ಮಿಕ ತಾಯಿಯೊಬ್ಬರ ಮಾತುಗಳಿವೆ. ವಿವರಣೆ ಬರೆದ ವಿದ್ಯಾರ್ಥಿ, ಒಳ್ಳೆಯ ಹುಡುಗ, ಅವರ ಹೆಸರಿನ ಮುಂದೆ ‘ಸ್ವಚ್ಛತಾ ಸಿಬ್ಬಂದಿ’ ಎಂದು ಹಾಕಿದ್ದ. ಆ ಭಾಗವನ್ನು ಅವರಿಗೆ ಫೋನಿನಲ್ಲಿ ತೋರಿಸಿ ಓದಿ ಹೇಳಿದಾಗ ಅವರು ನಕ್ಕು, ‘ಸಿಬ್ಬಂದಿ ಅಂದ್ರೆ ಕುರ್ಚಿ ಇರತ್ತಪ್ಪ, ನಮಗೆಲ್ಲಿತ್ತು?’ ಎಂದರು. ಹಳೆಯ ಕಡತಗಳಲ್ಲಿದ್ದ ‘ಜಾಡಮಾಲಿ’ ಎಂಬ ಪದವನ್ನು ತೆಗೆಯಬೇಡಿ, ಹಾಗೆಯೇ ಇರಲಿ, ಆದರೆ ಅದು ಯಾರು ನಮಗೆ ಇಟ್ಟ ಹೆಸರು ಎಂಬುದನ್ನೂ ಬರೆಯಿರಿ ಎಂದರು. ಇನ್ನೊಂದು ಕಡೆ, ಮ್ಯಾನ್‌ಹೋಲಿಗೆ ಇಳಿದ ತಮ್ಮನ ವಿಷಯ ಬಂದಾಗ, ಅವರು ಸುಮಾರು ನಲವತ್ತು ಸೆಕೆಂಡು ಸುಮ್ಮನಿದ್ದಾರೆ. ಯಂತ್ರ ತಯಾರಿಸಿದ ಲಿಪ್ಯಂತರದಲ್ಲಿ ಆ ನಲವತ್ತು ಸೆಕೆಂಡು ಇಲ್ಲವೇ ಇಲ್ಲ. ಮಾತಿಲ್ಲದ ಕಡೆ ಅದು ಮುಂದಿನ ವಾಕ್ಯಕ್ಕೆ ಹಾರಿದೆ. ಅಲ್ಲಿ ಏನು ಬರೆಯಬೇಕೆಂದು ಅವರನ್ನೇ ಕೇಳಿದೆವು. ‘ಏನೂ ಬರೀಬೇಡಿ, ಆದ್ರೆ ಕತ್ತರಿಸಬೇಡಿ’ ಎಂದರು. ಈಗ ಆ ಕ್ಷಣದ ಮೇಲೆ ಅಷ್ಟೇ ಟಿಪ್ಪಣಿಯಿದೆ: ಕತ್ತರಿಸಬಾರದು.

ಯಂತ್ರದ ಲಿಪ್ಯಂತರವನ್ನು ನಾನು ಪೂರಾ ತಳ್ಳಿಹಾಕುವವನಲ್ಲ. 2022ರಲ್ಲಿ ಬಂದ ವಿಸ್ಪರ್‌ನಂಥ ಮಾದರಿಗಳನ್ನು ನಮ್ಮದೇ ಗಣಕದಲ್ಲಿ, ಅಂತರಜಾಲಕ್ಕೆ ಏನನ್ನೂ ಕಳಿಸದೆ, ಓಡಿಸಬಹುದು. ಇಂಗ್ಲಿಷ್, ಜರ್ಮನ್ ಮಾತುಗಳಿಗೆ ಅದರ ಫಲಿತಾಂಶ ಬೆರಗು ಹುಟ್ಟಿಸುವಷ್ಟು ಚೆನ್ನಾಗಿದೆ. ಕನ್ನಡಕ್ಕೆ ಬಂದರೆ ತಡವರಿಸುತ್ತದೆ, ಕಲಬುರಗಿಯ ಅಥವಾ ಕುಂದಾಪುರದ ಕನ್ನಡಕ್ಕೆ ಬಂದರೆ ಕೈಚೆಲ್ಲುತ್ತದೆ. ಪುಸ್ತಕದ ಕನ್ನಡಕ್ಕೆ ಹತ್ತಿರವಾಗಿ ಮಾತನಾಡುವವರು ಹುಡುಕಾಟದಲ್ಲಿ ಮೊದಲು ಸಿಗುತ್ತಾರೆ, ಉಳಿದವರು ಸಿಗುವುದಿಲ್ಲ. ಯಾರ ಕನ್ನಡ ಪುಸ್ತಕಕ್ಕೆ ಹತ್ತಿರ ಎಂಬುದನ್ನು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ.

ಆದರೆ ಮುಖ ಗುರುತಿಸುವ ಸೌಲಭ್ಯದ ಬಗ್ಗೆ ನನ್ನ ನಿಲುವು ಖಚಿತ. ಅದು ನಮ್ಮ ಸಂಗ್ರಹದಲ್ಲಿ ಇರಕೂಡದು. ಇಂದಿನ ಅನೇಕ ವಾಣಿಜ್ಯ ತಂತ್ರಾಂಶಗಳು ಒಮ್ಮೆ ಒಂದು ಮುಖಕ್ಕೆ ಹೆಸರು ಕೊಟ್ಟರೆ ಸಂಗ್ರಹದುದ್ದಕ್ಕೂ ಆ ಮುಖವನ್ನು ಹುಡುಕಿ ಕೊಡುತ್ತವೆ. ಸಂಶೋಧಕರಿಗೆ ಎಷ್ಟು ಅನುಕೂಲವೋ ಪೊಲೀಸರಿಗೂ ಅಷ್ಟೇ. ದೆಹಲಿಯಲ್ಲಿ 2020ರ ಫೆಬ್ರುವರಿಯಲ್ಲಿ ನಡೆದ ಹಿಂಸಾಚಾರದ ನಂತರ, ಮುಖ ಗುರುತಿಸುವ ತಂತ್ರಾಂಶದಿಂದ 1,100ಕ್ಕೂ ಹೆಚ್ಚು ಜನರನ್ನು ಪತ್ತೆಹಚ್ಚಲಾಗಿದೆ ಎಂದು ಗೃಹ ಸಚಿವರೇ ಲೋಕಸಭೆಯಲ್ಲಿ ಹೇಳಿದರು. ಪ್ರತಿಭಟನೆಯ ದೃಶ್ಯಗಳನ್ನು ಹೆಸರು ಸಮೇತ ಜೋಡಿಸಿಟ್ಟರೆ ನಾವು ಕಟ್ಟುವುದು ಇತಿಹಾಸವನ್ನಲ್ಲ, ಆರೋಪಿಗಳ ಪಟ್ಟಿಯನ್ನು.

ಹಾಗೆಂದು ಏನನ್ನೂ ಗುರುತು ಮಾಡದೆ ಬಿಡುವುದೂ ದಾರಿಯಲ್ಲ, ಏಕೆಂದರೆ ದೃಶ್ಯಗಳು ಸಾಕ್ಷ್ಯವೂ ಹೌದು. ಲಿಬಿಯಾದ ಸೇನಾ ನಾಯಕ ಅಲ್ ವೆರ್ಫಲ್ಲಿ ವಿರುದ್ಧ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2017ರ ಆಗಸ್ಟಿನಲ್ಲಿ ಹೊರಡಿಸಿದ ಬಂಧನ ವಾರಂಟು ಬಹುಪಾಲು ಸಾಮಾಜಿಕ ಜಾಲತಾಣಗಳಲ್ಲಿದ್ದ ವಿಡಿಯೋಗಳನ್ನು ಆಧರಿಸಿತ್ತು. ಅದೇ ಬೇಸಿಗೆಯಲ್ಲಿ ಯೂಟ್ಯೂಬು ಸಿರಿಯಾ ಯುದ್ಧದ ಅಸಂಖ್ಯ ವಿಡಿಯೋಗಳನ್ನು ಸ್ವಯಂಚಾಲಿತವಾಗಿ ಅಳಿಸಿಹಾಕಿತು. 2014ರಿಂದ ಇವುಗಳ ಪ್ರತಿ ತೆಗೆದಿಡುತ್ತಿದ್ದ ಸಿರಿಯನ್ ಆರ್ಕೈವ್ ಇಲ್ಲದಿದ್ದರೆ ಎಷ್ಟು ಉಳಿಯುತ್ತಿತ್ತೋ. ಆ ಕೆಲಸವೂ ನಡೆಯುವುದು ಇದೇ ಬರ್ಲಿನ್‌ನಿಂದ.

ಭಾರತದ ಕಾನೂನಿನ ಮಾತೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಸೆಕ್ಷನ್ನಿನ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು ಎನ್ನಿ. ಒಂದು ಚುಕ್ಕೆ ಬದಲಾದರೂ ಇಡೀ ಸಂಖ್ಯೆ ಬೇರೆಯಾಗುತ್ತದೆ. ವಾಟ್ಸಾಪಿನಲ್ಲಿ ಮಾಮೂಲಾಗಿ ಬಂದ ವಿಡಿಯೋ ಕುಗ್ಗಿಸಲ್ಪಟ್ಟಿರುತ್ತದೆ, ತೆಗೆದ ದಿನಾಂಕದಂಥ ಮಾಹಿತಿ ಉದುರಿಹೋಗಿರುತ್ತದೆ. ಆದ್ದರಿಂದ ಊರಿನಿಂದ ಕಳಿಸುವವರಿಗೆ ಮೂಲ ಫೈಲನ್ನೇ ಕಳಿಸಲು ಹೇಳಬೇಕು, ಬಂದ ದಿನವೇ ಹ್ಯಾಶ್ ತೆಗೆದಿಡಬೇಕು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ ಎಂಬ ಹಳೆಯ ನಿಯಮ ಇಂದಿಗೂ ಸರಿ.

ಸರ್ವರು ಜರ್ಮನಿಯಲ್ಲಿದ್ದರೆ ಎಲ್ಲ ಸುರಕ್ಷಿತ ಎಂಬ ಭಾವನೆ ನಮ್ಮಲ್ಲಿದೆ. ಯುರೋಪಿನ ದತ್ತಾಂಶ ಸಂರಕ್ಷಣಾ ನಿಯಮ ರಾಜಕೀಯ ಅಭಿಪ್ರಾಯ, ಧರ್ಮ, ಜನಾಂಗೀಯ ಮೂಲ, ಕಾರ್ಮಿಕ ಸಂಘದ ಸದಸ್ಯತ್ವ ಇವುಗಳಿಗೆ ವಿಶೇಷ ರಕ್ಷಣೆ ಕೊಡುತ್ತದೆ, ನಿಜ. ಆ ಪಟ್ಟಿಯಲ್ಲಿ ಜಾತಿ ಎಂಬ ಪದ ಇಲ್ಲ. ನಮ್ಮ ಸಂಗ್ರಹದ ಅತ್ಯಂತ ಸೂಕ್ಷ್ಮವಾದ ಮಾಹಿತಿಗೆ ಇಲ್ಲಿನ ಕಾನೂನಿನಲ್ಲಿ ಹೆಸರಿಲ್ಲ. ಅದನ್ನು ಕಾಯುವ ನಿಯಮವನ್ನು ನಾವೇ ಬರೆದುಕೊಳ್ಳಬೇಕು.

ಅದಕ್ಕೊಂದು ಮಾದರಿಯಿದೆ. ಆಸ್ಟ್ರೇಲಿಯಾದ ಟೆನೆಂಟ್ ಕ್ರೀಕ್‌ನ ವಾರುಮುಂಗು ಮೂಲನಿವಾಸಿಗಳೊಡನೆ ರೂಪುಗೊಂಡ ಮುಕುರ್ತು ಎಂಬ ಮುಕ್ತ ತಂತ್ರಾಂಶ. ತೀರಿಕೊಂಡವರ ಚಿತ್ರವನ್ನು ಯಾರು ನೋಡಬಹುದು, ಹೆಂಗಸರಿಗಷ್ಟೇ ಸೇರಿದ್ದು ಯಾವುದು, ಯಾವುದು ಕುಟುಂಬದ ಒಳಗೇ ಇರಬೇಕು ಎಂಬುದನ್ನು ಸಮುದಾಯ ನಿರ್ಧರಿಸುತ್ತದೆ. ತಂತ್ರಾಂಶ ಅದನ್ನು ಪಾಲಿಸುತ್ತದೆ. ‘ಎಲ್ಲವೂ ಎಲ್ಲರಿಗೂ ಮುಕ್ತ’ ಎಂಬುದು ಪ್ರಗತಿಪರರಾದ ನಮಗೆ ಬಹಳ ಪ್ರಿಯವಾದ ಮಾತು. ಕಳೆದುಕೊಳ್ಳಲು ಏನೂ ಇಲ್ಲದವರಿಗೆ ಅದನ್ನು ಹೇಳುವುದು ಸುಲಭ. ಊರಿನಲ್ಲೇ ಬಾಳಬೇಕಾದ ಸಾಕ್ಷಿಗೆ ಹಾಗಲ್ಲ.

ಇನ್ನು ನೀವು ಕೇಳಿದ ಪ್ರಶ್ನೆ. ನನ್ನ ಶಿಫಾರಸು ಪಂಡೋರಾ. ಅದನ್ನು ಸ್ಥಾಪಿಸಿ ನಡೆಸಲು ಲಿನಕ್ಸ್ ಬಲ್ಲ ಒಬ್ಬರು ಬೇಕು, ನಮ್ಮಲ್ಲಿ ಅಂಥವರು ನಾಲ್ಕೈದು ಮಂದಿ ಇದ್ದೀರಿ. ಅದು ಹೆಚ್ಚೆನಿಸಿದರೆ ರಿಸೋರ್ಸ್‌ಸ್ಪೇಸ್ ಇದೆ. ಮೊದಲು ಆಕ್ಸ್‌ಫ್ಯಾಮ್ ಸಂಸ್ಥೆಗಾಗಿ ತಯಾರಾದ ಮುಕ್ತ ತಂತ್ರಾಂಶವದು, ಕಲಿಯಲು ಸರಳ. ಆದರೆ ಕ್ಷಣ ಕ್ಷಣಕ್ಕೂ ಪದರ ಪದರವಾಗಿ ಬರೆಯುವ ಕೆಲಸಕ್ಕೆ ಪಂಡೋರಾದಷ್ಟು ಒಗ್ಗದು. ತಿಂಗಳ ಬಾಡಿಗೆಯ ಸೇವೆಗಳು ಬೇಡ. ಹಣ ನಿಂತ ದಿನ ನಾವು ಬರೆದ ಟಿಪ್ಪಣಿಗಳನ್ನು ಪೂರ್ತಿಯಾಗಿ ಹೊರತೆಗೆಯಬಹುದೆಂಬ ಖಾತರಿ ಅವುಗಳಲ್ಲಿ ಅಪರೂಪ.

ತಂತ್ರಾಂಶಕ್ಕಿಂತ ದುಬಾರಿಯಾದದ್ದು ಸಮಯ. ನನ್ನ ಅನುಭವದಲ್ಲಿ ಒಂದು ಗಂಟೆಯ ಮಾತಿಗೆ ಸರಿಯಾದ ವಿವರಣೆ ಬರೆಯಲು ಎಂಟು ಹತ್ತು ಗಂಟೆ ಬೇಕು. ಅದನ್ನು ಇಲ್ಲಿ ಕುಳಿತು ಭಾನುವಾರಗಳಲ್ಲಿ ನಾವೇ ಬರೆದು ಮುಗಿಸುವ ಯೋಜನೆ ನನಗೆ ಒಪ್ಪಿಗೆಯಿಲ್ಲ. ಸರ್ವರಿಗೆಂದು ತೆಗೆದಿಟ್ಟ ಹಣದ ಅರ್ಧವನ್ನಾದರೂ ಊರಿನಲ್ಲಿ ಈ ಕೆಲಸ ಮಾಡುವವರ ಸಂಬಳಕ್ಕೆ ಕೊಡಬೇಕು, ಅವರು ಆಯಾ ಸಮುದಾಯದವರೇ ಆಗಿರಬೇಕು, ವಿವರಣೆಯ ಮೊದಲ ಪದರ ಅವರದಾಗಿರಬೇಕು. ನಮ್ಮ ಟಿಪ್ಪಣಿಗಳು ಬೇಕಿದ್ದರೆ ಅದರ ಕೆಳಗೆ ಬರಲಿ. ದೃಶ್ಯವನ್ನು ಹಿಂತೆಗೆದುಕೊಳ್ಳುವ ಹಕ್ಕು, ಕಾರಣ ಕೇಳದೆ, ಅದರಲ್ಲಿರುವವರಿಗೆ ಇರಬೇಕು.

ಮಧ್ಯಾಹ್ನದ ಗೋಷ್ಠಿಯಲ್ಲಿ ಈ ಹಣದ ವಿಷಯ ಮತಕ್ಕೆ ಬರಲಿದೆ. ಅಷ್ಟರೊಳಗೆ ಒಂದು ಕೋರಿಕೆ: ನಿಮ್ಮಲ್ಲಿರುವ ಹಾರ್ಡ್ ಡಿಸ್ಕುಗಳಲ್ಲಿ ಯಾರ ದೃಶ್ಯಗಳಿವೆ, ಅವರ ಒಪ್ಪಿಗೆ ಪಡೆದದ್ದು ಯಾವಾಗ, ಈಗ ಅವರನ್ನು ತಲುಪಲು ದಾರಿಯಿದೆಯೇ ಎಂಬ ಮೂರು ವಿವರಗಳನ್ನು ಬಾಗಿಲ ಬಳಿಯಿರುವ ಪುಸ್ತಕದಲ್ಲಿ ಬರೆದುಕೊಡಿ. ದಯವಿಟ್ಟು ದೃಶ್ಯದಲ್ಲಿರುವವರ ಪೂರ್ಣ ಹೆಸರು ಬರೆಯಬೇಡಿ.