ಇನಿಷಿಯಲ್ಲುಗಳಲ್ಲಿ ಅಡಗಿರುವ ದಾವಣಗೆರೆ

(ಸ್ಥಳೀಯ ಚರಿತ್ರೆಯನ್ನು ಕುರಿತ ಭಾಷಣದ ಪಠ್ಯ)



ಪರಸ್ಥಳದ ನೆಂಟರು ಬಂದು ‘ನಿಮ್ಮೂರಲ್ಲಿ ನೋಡೋದಕ್ಕೆ ಏನಿದೆ?’ ಎಂದು ಕೇಳಿದರೆ ನಾವು ದಾವಣಗೆರೆಯವರು ಬೆಣ್ಣೆ ದೋಸೆ ತಿನ್ನಿಸಿ ಹರಿಹರದ ಬಸ್ಸು ಹತ್ತಿಸುತ್ತೇವೆ. ತಪ್ಪೇನೂ ಅಲ್ಲ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಅಲ್ಲಿದೆ. ಕಟ್ಟಿಸಿದವರು ಯಾರು, ಬೆಳೆಸಿದವರು ಯಾರು ಎಂಬುದನ್ನು ಅಲ್ಲಿನ ಶಾಸನಗಳೇ ಹೇಳುತ್ತವೆ. ಅಂಥ ಕಲ್ಲಿನ ಪುಸ್ತಕ ದಾವಣಗೆರೆಗೆ ಇಲ್ಲ. ಹೇಳಿಕೊಳ್ಳುವಂಥ ಕೋಟೆಯಿಲ್ಲ, ಅರಮನೆಯಿಲ್ಲ.

ಹಾಗೆಂದು ಈ ಊರಿಗೆ ಶಾಸನಗಳೇ ಇಲ್ಲವೆಂದು ನಾನು ಒಪ್ಪುವುದಿಲ್ಲ. ಆಟೋದವನಿಗೆ ದಿನವೂ ನಾವು ಹೇಳುವ ಹೆಸರುಗಳನ್ನೇ ಕೇಳಿ ನೋಡಿ: ಪಿ.ಬಿ. ರಸ್ತೆ, ಪಿ.ಜೆ. ಬಡಾವಣೆ, ಕೆ.ಟಿ.ಜೆ. ನಗರ, ಡಿ.ಸಿ.ಎಂ. ಟೌನ್‌ಶಿಪ್. ಇಡೀ ಊರೇ ಇನಿಷಿಯಲ್ ಹಾಕಿಕೊಂಡು ಕುಳಿತಂತಿದೆ. ಈ ಅಕ್ಷರಗಳನ್ನು ಬಿಡಿಸಿದರೆ ಚರಿತ್ರೆ ಸಿಗುತ್ತದೆ.

ಪಿ.ಬಿ. ಎಂದರೆ ಪೂನಾ–ಬೆಂಗಳೂರು. ಪೂನಾ ಪುಣೆಯಾಯಿತು, ಇಂಗ್ಲಿಷಿನ ಬ್ಯಾಂಗಳೂರ್ 2014ರಲ್ಲಿ ಬೆಂಗಳೂರಾಯಿತು. ಎರಡು ಅಕ್ಷರಗಳು ಮಾತ್ರ ಕದಲಲಿಲ್ಲ. ಹೆದ್ದಾರಿ ಊರ ಹೊರಗೆ ಬೈಪಾಸಾಗಿ ಹೋದರೂ ಒಳಗಿನ ಬೀದಿ ಹಳೆಯ ಹೆಸರನ್ನು ಬಿಟ್ಟುಕೊಟ್ಟಿಲ್ಲ. ಈ ಊರನ್ನು ಊರು ಮಾಡಿದ್ದೇ ದಾರಿ. ಮೊದಲು ಇದು ಬೇತೂರಿನ ಸೆರಗಿನಲ್ಲಿದ್ದ ಸಣ್ಣ ಹಳ್ಳಿ. ಹೈದರ್ ಅಲಿ ಇದನ್ನು ಅಪ್ಪೋಜಿ ರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ. ಆತ ವ್ಯಾಪಾರಿಗಳನ್ನು ಕರೆಸಿ ನೆಲೆಗೊಳಿಸಿದ. ಮಕ್ಕಳಿಲ್ಲದೆ ಆತ ತೀರಿಹೋದ ಮೇಲೂ ಪೇಟೆ ಬೆಳೆಯಿತು. ಪಾಳೇಗಾರ ಹೋದರೆ ಹಾಳು ಬೀಳುವ ಊರುಗಳೇ ಹೆಚ್ಚಾಗಿದ್ದ ಕಾಲ ಅದು. ಇಲ್ಲಿ ಹಾಗಾಗದಿದ್ದುದಕ್ಕೆ ಕಾರಣ, ನನ್ನ ದೃಷ್ಟಿಯಲ್ಲಿ, ಊರು ಸರದಾರನನ್ನಲ್ಲ, ಸರಕನ್ನು ನಂಬಿದ್ದು. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಂದ ದೂರದ ತಮಿಳು ಸೀಮೆಯ ವಾಲಾಜಾಪೇಟೆಯವರೆಗೆ ಹೋಗುತ್ತಿದ್ದವು. ಇಲ್ಲಿನ ಕಂಬಳಿಗಳಲ್ಲಿ ಕೆಲವು, ಹೈದರನ ಕಾಲದಲ್ಲೇ, ಇನ್ನೂರು ಮುನ್ನೂರು ರೂಪಾಯಿ ಬೆಲೆ ಬಾಳುತ್ತಿದ್ದವು ಎಂದು ಗೆಝೆಟಿಯರ್ ಬರೆದಿಡುತ್ತದೆ. ಕುರಿ ಕಾಯುವವನ ಹೆಗಲಿನ ಕಂಬಳಿಯಲ್ಲ ಅದು! ಊರ ಹೆಸರು ದನಕರು ಕಟ್ಟುವ ‘ದಾವಣಿ’ಯಿಂದ ಬಂತೆನ್ನುವವರಿದ್ದಾರೆ. ದಣಿವಾರಿಸಿದ ಕೆರೆಯಿಂದ ಬಂತೆನ್ನುವವರೂ ಇದ್ದಾರೆ. ಎರಡರಲ್ಲೂ ದಾರಿಹೋಕರ ಎತ್ತುಗಳು ನಿಂತಂತೆ ನನಗೆ ಕಾಣುತ್ತದೆ.

ಈ ದಾರಿಗೆ ಅಡ್ಡ ಇದ್ದದ್ದು ತುಂಗಭದ್ರೆ. ಹರಿಹರದಲ್ಲಿ 1868ರಲ್ಲಿ ಅರವತ್ತು ಅಡಿ ಅಗಲದ ಹದಿನಾಲ್ಕು ಕಮಾನುಗಳ ಸೇತುವೆ ಮುಗಿಯಿತು. ವೆಚ್ಚ ಹತ್ತಿರ ಹತ್ತಿರ 3 ಲಕ್ಷ ರೂಪಾಯಿ. ಈಚೆ ದಡ ಮೈಸೂರು, ಆಚೆ ದಡ ಮುಂಬಯಿ ಪ್ರಾಂತ. 1956ರಲ್ಲಿ ಆ ಗಡಿ ಅಳಿಸಿತಾದರೂ ನೆರಳು ಉಳಿದಿದೆ: ಹರಿಹರದ ಹೆಸರು ಹೊತ್ತ ಪಾಲಿಫೈಬರ್ಸ್ ಕಾರ್ಖಾನೆ ಇರುವುದು ಆಚೆ ದಡದ ಕುಮಾರಪಟ್ಟಣದಲ್ಲಿ, ಅಂದರೆ ಹಾವೇರಿ ಜಿಲ್ಲೆಯಲ್ಲಿ.

ಪಿ.ಜೆ.ಗೆ ಬರೋಣ. ಅದು ಪ್ರಿನ್ಸ್ ಜಯಚಾಮರಾಜ ಒಡೆಯರ್. ಅವರು ಮಹಾರಾಜರಾದದ್ದು 1940ರಲ್ಲಿ. ಆಮೇಲೆ ಹೆಸರಿಟ್ಟಿದ್ದರೆ ಯಾರೂ ‘ಪ್ರಿನ್ಸ್’ ಎನ್ನುತ್ತಿರಲಿಲ್ಲ. ಒಂದು ಅಕ್ಷರವೇ ಬಡಾವಣೆಯ ಕಾಲವನ್ನು ಹೇಳಿಬಿಡುತ್ತದೆ. ಕೆ.ಟಿ.ಜೆ.ಯಲ್ಲಿರುವುದು ರಾಜರಲ್ಲ, ಕೆ.ಟಿ. ಜಂಬಣ್ಣನವರು.

ನನ್ನನ್ನು ಹೆಚ್ಚು ಕಾಡುವುದು ಡಿ.ಸಿ.ಎಂ. ಈಗಿನ ಹುಡುಗರಿಗೆ ಡಿ.ಸಿ.ಎಂ. ಎಂದರೆ ಉಪಮುಖ್ಯಮಂತ್ರಿ! ಅದು ದಾವಣಗೆರೆ ಕಾಟನ್ ಮಿಲ್. 1930ರ ದಶಕದಿಂದ ಮುಂದಕ್ಕೆ ಇಲ್ಲಿ ಒಂದರ ಹಿಂದೊಂದು ಗಿರಣಿ ಎದ್ದು, ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ಬಂತು. ಸುತ್ತಲ ಬಯಲಿನ ಹತ್ತಿ ಇಲ್ಲೇ ನೂಲಾಗಿ, ಬಟ್ಟೆಯಾಗಿ ಹೊರಡುತ್ತಿತ್ತು. ಪಾಳಿ ಬದಲಾಗುವ ಹೊತ್ತಿನ ಕೂಗಿಗೆ ಅನ್ನಕ್ಕಿಡುತ್ತಿದ್ದ ಮನೆಗಳಿದ್ದವು. ಗಿರಣಿ ಕಾರ್ಮಿಕರ ನಾಯಕ ಪಂಪಾಪತಿಯವರನ್ನು ಈ ಊರು ಕಮ್ಯುನಿಸ್ಟ್ ಪಕ್ಷದಿಂದ 1978, 1983 ಮತ್ತು 1985ರಲ್ಲಿ ವಿಧಾನಸಭೆಗೆ ಕಳಿಸಿತು. ಸಾಹುಕಾರರ ಪೇಟೆ ಎಂದು ಹೆಸರಾದ ಊರಲ್ಲಿ ಇದು ಸಣ್ಣ ಮಾತಲ್ಲ. ಆ ಗಿರಣಿಗಳು ಮುಚ್ಚಿದವು. ಯಂತ್ರ ಗುಜರಿಗೆ, ನೆಲ ನಿವೇಶನಕ್ಕೆ ಹೋಯಿತು. ಮೂರಕ್ಷರ ಬಸ್ಸಿನ ಸ್ಟಾಪಿಗೆ ಉಳಿಯಿತು.

ಇನಿಷಿಯಲ್ ಹಾಕಿಕೊಳ್ಳದ ಒಂದು ಬಡಾವಣೆಯನ್ನೂ ಹೇಳಬೇಕು: ಮಂಡಕ್ಕಿ ಭಟ್ಟಿ. ಭದ್ರಾ ನಾಲೆಯ ನೀರು ಬಂದು ಭತ್ತದ ಸೀಮೆಯಾದ ಮೇಲೆ ಈ ಕಸುಬಿಗೆ ಬಲ ಬಂತು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದು, ಉಪ್ಪುನೀರು ಸೋಕಿಸಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದರೆ ಅದು ಮಂಡಕ್ಕಿ. ಸಂಜೆ ಮಿರ್ಚಿಯೊಡನೆ ಅದನ್ನು ಮೆಲ್ಲುವ ನಾವು ಆ ಕೇರಿಗೆ ಕಾಲಿಡುವುದು ಅಪರೂಪ. ಅಲ್ಲಿನ ಹೊಗೆಯ ಬಗ್ಗೆ ದೂರು ಕೊಟ್ಟವರಿದ್ದಾರೆ, ಕೊಡಬೇಕಾದದ್ದೇ. ಆ ಹೊಗೆಯನ್ನು ಮೊದಲು ಕುಡಿಯುವವರು ಒಲೆಯ ಮುಂದಿರುವವರು ಎಂಬುದನ್ನು ಅದೇ ಅರ್ಜಿಯಲ್ಲಿ ಬರೆದವರು ಕಡಿಮೆ. ನಾಳೆ ಈ ಭಟ್ಟಿಗಳೂ ಹೋಗಿ ಹೆಸರಷ್ಟೇ ನಿಂತರೆ, ಆಗ ‘ಎಂ.ಬಿ. ನಗರ’ ಎನ್ನುತ್ತೇವೇನೋ.

ಈ ಸಭೆಯಲ್ಲಿ ಗಿರಣಿಯಲ್ಲಿ ದುಡಿದ ಹಿರಿಯರು, ಅವರ ಮಕ್ಕಳು ಇದ್ದೇ ಇರುತ್ತೀರಿ. ಮನೆಯ ಟ್ರಂಕಿನಲ್ಲಿ ಹಾಜರಿ ಚೀಟಿ, ಸಂಬಳದ ಪಟ್ಟಿ, ಯೂನಿಯನ್ ರಸೀದಿ, ಒಂದು ಗುಂಪಿನ ಫೋಟೊ ಇದ್ದರೆ ದೀಪಾವಳಿಗೆ ಮನೆ ಸುಣ್ಣ ಹೊಡೆಯುವಾಗ ದಯವಿಟ್ಟು ರದ್ದಿಗೆ ಹಾಕಬೇಡಿ. ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟರಿಗೆ ತೋರಿಸಿ. ಫೋಟೊದ ಹಿಂದೆ ಯಾರು ಯಾರು ನಿಂತಿದ್ದಾರೆಂದು, ಇನಿಷಿಯಲ್ ಅಲ್ಲದೆ ಪೂರ್ತಿ ಹೆಸರು ಬರೆದಿಡಿ.