ಕಾಫಿ ತೋಟದ ನೆರಳು: ಸದುದ್ದೇಶದಿಂದ ಆದ ತೊಂದರೆ

(ದೇವರಮನೆ ತಪ್ಪಲಿನ ಕಾಫಿ ಬೆಳೆಗಾರರ ಸಭೆಯಲ್ಲಿ ಮಾಡಿದ ಭಾಷಣ)



ದೇವರಮನೆಗೆ ಬಂದವರು ಕಾಲಭೈರವೇಶ್ವರನಿಗೆ ಕೈಮುಗಿದು, ಹೊರಗೆ ನಿಂತು ಸುತ್ತ ಕಣ್ಣು ಹಾಯಿಸಿದರೆ ಕಾಣುವುದು ಎರಡೇ. ಗುಡ್ಡದ ಮೈಮೇಲೆಲ್ಲ ಹುಲ್ಲು, ಗುಡ್ಡ ಗುಡ್ಡಗಳ ಸಂದಿನಲ್ಲಿ ಒತ್ತಾದ ಶೋಲಾ ಕಾಡು. ಬಯಲುಸೀಮೆಯಿಂದ ಬಂದ ಭಕ್ತರೊಬ್ಬರು ಇದನ್ನು ನೋಡಿದರೆ ಸಹಜವಾಗಿ ಹೇಳುವ ಮಾತೇನು? "ಅಯ್ಯೋ, ಇಷ್ಟೊಂದು ಜಾಗ ಬೋಳು ಬಿದ್ದಿದೆಯಲ್ಲ, ನಾಲ್ಕು ಗಿಡ ನೆಡಬಾರದೆ?" ಈಚಿನ ವರ್ಷಗಳಲ್ಲಿ ಮಾತಷ್ಟೇ ಅಲ್ಲ, ಬೀಜದುಂಡೆಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದು ಗುಡ್ಡಗಳ ಮೇಲೆ ಎರಚಿ ಹೋಗುವ ಉತ್ಸಾಹವೂ ನಾಡಿನಲ್ಲಿ ಹಬ್ಬಿದೆ. ಅವರ ಮನಸ್ಸು ಒಳ್ಳೆಯದೇ. ಆದರೆ ಆ ಗುಡ್ಡ ಬೋಳಲ್ಲ. ತೆಳುವಾದ ಮಣ್ಣು, ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿದ ಮಳೆ, ಬೀಸುಗಾಳಿ, ಇವುಗಳ ನಡುವೆ ಮಣ್ಣನ್ನು ಹಿಡಿದು ನಿಲ್ಲಿಸಿರುವುದು ಆ ಹುಲ್ಲಿನ ಬೇರು. ಬಿದ್ದ ನೀರನ್ನು ಹೀರಿ ಕೆಳಗಿನ ಶೋಲಾಕ್ಕೂ, ಅಲ್ಲಿಂದ ಹಳ್ಳಕ್ಕೂ ಮೆಲ್ಲಗೆ ಬಿಟ್ಟುಕೊಡುವುದೂ ಅದೇ.

ಮರ ನೆಡುವುದು ಪುಣ್ಯದ ಕೆಲಸ ಎಂಬುದರಲ್ಲಿ ಎರಡು ಮಾತಿಲ್ಲ. 1950ರಲ್ಲಿ ಕೆ.ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದ ಮೇಲೆ ಅದು ದೇಶದ ಹಬ್ಬವೇ ಆಯಿತು. ಆದರೆ ಎಲ್ಲಿ, ಯಾವ ಮರ ಎಂದು ಕೇಳದೆ ನೆಟ್ಟಾಗ ಏನಾಗುತ್ತದೆಂಬುದಕ್ಕೆ ಮಲೆನಾಡಿನ ಅಕೇಶಿಯ, ನೀಲಗಿರಿ ನೆಡುತೋಪುಗಳೇ ಸಾಕ್ಷಿ. ಸೌದೆಗೆ, ಹಸಿರಿಗೆ, ಕಾಡಿನ ಮೇಲಿನ ಒತ್ತಡ ತಗ್ಗಲಿ ಎಂಬ ಸದುದ್ದೇಶದಿಂದಲೇ ಅವನ್ನು ನೆಡಲಾಯಿತು. 2017ರಲ್ಲಿ ರಾಜ್ಯ ಸರ್ಕಾರವೇ ಅವುಗಳನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಬೇಕಾಯಿತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತೆ ಎಂದು ಹಿರಿಯರು ಹೇಳುವುದು ಇಂಥದ್ದಕ್ಕೇ.

ಗುಡ್ಡದ ಮಾತು ಇಷ್ಟು ಸಾಕು. ಇಲ್ಲಿ ಸೇರಿರುವವರು ತೋಟ ಮಾಡುವವರು. ಗುಡ್ಡದ ಮೇಲೆ ನಡೆದದ್ದೇ ಗುಡ್ಡದ ಕೆಳಗಿನ ಕಾಫಿ ತೋಟಗಳಲ್ಲಿ ಬೇರೊಂದು ರೀತಿಯಲ್ಲಿ, ಬಹು ನಿಧಾನವಾಗಿ ನಡೆದಿದೆ. ನಿಧಾನವಾದ್ದರಿಂದ ಕಣ್ಣಿಗೆ ಬಿದ್ದಿಲ್ಲ. ವಿಷಯ ತೋಟದ ನೆರಳಿನದು.

ಕಾಫಿ ಮೂಲತಃ ಕಾಡಿನ ಅಡಿಯಲ್ಲಿ ಬೆಳೆಯುವ ಗಿಡ. ಮಲೆನಾಡಿನ ಹಿಂದಿನವರು ಕಾಡನ್ನು ಪೂರ್ತಿ ಬೋಳಿಸದೆ, ಕೆಳಪೊದೆಗಳನ್ನು ಮಾತ್ರ ಸವರಿ ಮರದಡಿಯಲ್ಲೇ ಕಾಫಿ ಹಾಕಿದರು. ಅತ್ತಿ, ಬಸರಿ, ಗೋಣಿ, ಹಲಸು, ಬಿಲ್ವಾರ, ಮತ್ತಿ, ಹೊನ್ನೆ, ನಂದಿ, ಬೀಟೆ, ಹೀಗೆ ಒಂದೊಂದು ತೋಟದಲ್ಲೂ ಹತ್ತಾರು ಜಾತಿ. ಒಂದು ಎಲೆ ಉದುರಿಸುವಾಗ ಇನ್ನೊಂದು ಚಿಗುರುತ್ತದೆ. ನೆಲಕ್ಕೆ ಬಿದ್ದ ದರಗು ಕೊಳೆತು ಗೊಬ್ಬರವಾಗುತ್ತದೆ. ಗೋಣಿ, ಅತ್ತಿಯ ಹಣ್ಣಿಗೆ ಹಕ್ಕಿ ಬರುತ್ತದೆ. ಎತ್ತರದ ಕೊಂಬೆಯಲ್ಲಿ ಹೆಜ್ಜೇನು ಕಟ್ಟುತ್ತದೆ, ಪೊಟರೆಯಲ್ಲಿ ತುಡುವೆ ಕೂರುತ್ತದೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಚ್ಚಬಲ್ಲದು. ರೋಬಸ್ಟಾಕ್ಕೆ ಪರಕೀಯ ಪರಾಗ ಬೇಕೇ ಬೇಕು. ಹೂಮಳೆಯಾದ ಮೇಲೆ ಹೂ ಅರಳಿ ನಿಲ್ಲುವ ಆ ಕೆಲವೇ ದಿನಗಳಲ್ಲಿ ಜೇನಿನ ಬೆಲೆ ಏನೆಂಬುದು ರೋಬಸ್ಟಾ ಬೆಳೆಯುವವರಿಗೆ ಗೊತ್ತು.

ಈ ಮರಗಳನ್ನು ಉಳಿಸಬೇಕೆಂದೇ 1976ರಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬಂದಿತು. ಆ ಕಾಯ್ದೆ ಬಂದದ್ದು ತಪ್ಪೆಂದು ಯಾರೂ ಹೇಳಬಾರದು. ಗರಗಸಕ್ಕೆ ಅಡ್ಡ ಬರುವವರೇ ಇಲ್ಲದಿದ್ದರೆ ಎಷ್ಟೋ ದಿಣ್ಣೆಗಳಲ್ಲಿ ಇಂದು ಹೆಮ್ಮರಗಳೇ ಇರುತ್ತಿರಲಿಲ್ಲ. ಸ್ವಂತ ಜಮೀನಿನ ಮರವನ್ನು ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕೆಂದು ಅದು ವಿಧಿಸಿತು. ಜೊತೆಗೆ, ರೈತರಿಗೆ ವಿನಾ ಕಾರಣ ತೊಂದರೆಯಾಗದಿರಲೆಂದು ಕೆಲವು ಮರಗಳಿಗೆ ವಿನಾಯಿತಿ ಕೊಟ್ಟಿತು. ತೆಂಗು, ರಬ್ಬರ್, ಗಾಳಿಮರ, ನೀಲಗಿರಿ, ಸುಬಾಬುಲ್, ಹಾಲುವಾಣ, ಸಿಲ್ವರ್ ಓಕ್ ಮುಂತಾದವು ಆ ಪಟ್ಟಿಯಲ್ಲಿದ್ದವು. ನಿರ್ಬಂಧದ ಉದ್ದೇಶ ಒಳ್ಳೆಯದು, ವಿನಾಯಿತಿಯ ಉದ್ದೇಶವೂ ಒಳ್ಳೆಯದು. ತೊಂದರೆ ಹುಟ್ಟಿದ್ದು ಈ ಎರಡೂ ಒಂದೇ ತೋಟದಲ್ಲಿ ಕೂಡಿದಾಗ.

ಹತ್ತೆಕರೆ ತೋಟವಿರುವ ಒಬ್ಬ ಬೆಳೆಗಾರರನ್ನು ಊಹಿಸಿಕೊಳ್ಳಿ. ಮಗಳ ಮದುವೆಗೋ, ಬೆಲೆ ಬಿದ್ದ ವರ್ಷದ ಆಳಿನ ಬಟವಾಡೆಗೋ ನಾಲ್ಕು ಮರ ಮಾರಬೇಕಾಗಿದೆ. ಹೊನ್ನೆಯೋ ಮತ್ತಿಯೋ ಆದರೆ ಅರ್ಜಿ, ಸ್ಥಳ ತನಿಖೆ, ಗುರುತು, ಸಾಗಣೆಯ ಪಾಸು ಎಂದು ತಿಂಗಳುಗಟ್ಟಲೆ ಅಲೆದಾಟ. ಸಿಲ್ವರ್ ಆದರೆ ವ್ಯಾಪಾರಿ ಬೆಳಿಗ್ಗೆ ಬಂದು ಸುತ್ತಳತೆ ಹಿಡಿದರೆ ಸಂಜೆಗೆ ವ್ಯವಹಾರ ಮುಗಿಯಿತು. ಅದು ನೆಟ್ಟಗೆ, ಬೇಗ ಬೆಳೆಯುತ್ತದೆ; ಮೆಣಸಿನ ಬಳ್ಳಿ ಹಬ್ಬಿಸಲು ಹೇಳಿ ಮಾಡಿಸಿದಂತಿದೆ; ಪ್ಲೈವುಡ್ಡಿಗೆ, ಪೆಟ್ಟಿಗೆ ಹಲಗೆಗೆ ಬೇಡಿಕೆಯಿದೆ. ಹಾಗಿದ್ದ ಮೇಲೆ ಆ ಬೆಳೆಗಾರರು ಮುಂದಿನ ಮಳೆಗಾಲದಲ್ಲಿ ನೆಡುವುದು ಯಾವುದನ್ನು? ಕೇಳಬೇಕಾದ್ದೇ ಇಲ್ಲ.

ಅವರು ನೆಟ್ಟದ್ದಕ್ಕಿಂತಲೂ ಮುಖ್ಯವಾದದ್ದು ಅವರು ಕಿತ್ತದ್ದು. ಕಳೆ ತೆಗೆಯುವ ಆಳು ಕತ್ತಿ ಹಿಡಿದು ನಿಂತು ಕೇಳುತ್ತಾನೆ: "ಗೌಡ್ರೇ, ಇಲ್ಲೊಂದು ಬೀಟೆ ಸಸಿ ಎದ್ದಿದೆ, ಬಿಡ್ಲಾ?" ಉತ್ತರ ಸಿದ್ಧವಾಗಿರುತ್ತದೆ: "ಸವರಿ ಹಾಕು ಮಾರಾಯ. ದೊಡ್ಡದಾದ ಮೇಲೆ ಅದರ ಯಜಮಾನ ನಾನಲ್ಲ."

ಹಳೆಯ ಹೆಮ್ಮರವನ್ನು ಕಾಯ್ದೆ ಕಾಯಿತು. ಅದರ ಮರಿಯನ್ನು ಕಾಯಲು ಅದರಿಂದ ಆಗಲಿಲ್ಲ. ಮೊಣಕಾಲುದ್ದದ ಸಸಿಯನ್ನು ಕಿತ್ತುದಕ್ಕೆ ಯಾವ ಕಚೇರಿಯಲ್ಲೂ ಲೆಕ್ಕವಿರುವುದಿಲ್ಲ. ಹಳೆಯ ಮರ ಗಾಳಿಗೆ ಬಿದ್ದಲ್ಲಿ, ಟೊಳ್ಳಾಗಿ ಸತ್ತಲ್ಲಿ ಅದರ ಜಾಗಕ್ಕೆ ಸಿಲ್ವರ್ ಬರುತ್ತದೆ. ಹೀಗೆ ನಲವತ್ತು ಐವತ್ತು ವರ್ಷ ಕಳೆದರೆ, ಒಂದು ಮರವನ್ನೂ ಕಾನೂನುಬಾಹಿರವಾಗಿ ಕಡಿಯದೆ ತೋಟದ ಕಾಡು ಕರಗಿಹೋಗುತ್ತದೆ.

ಇದು ಹೊಸ ಕತೆಯೇನಲ್ಲ. ಶ್ರೀಗಂಧಕ್ಕೆ ಆದದ್ದೂ ಇದೇ. ಟಿಪ್ಪು ಸುಲ್ತಾನನು 1792ರಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದನು. ಮೈಸೂರು ಅರಸರ ಕಾಲದಲ್ಲೂ ಅದು ಹಾಗೆಯೇ ಮುಂದುವರಿಯಿತು. 1963ರ ಕರ್ನಾಟಕ ಅರಣ್ಯ ಕಾಯ್ದೆಯೂ ಯಾರ ಜಮೀನಿನಲ್ಲಿದ್ದರೂ ಗಂಧ ಸರ್ಕಾರದ ಸ್ವತ್ತೆಂದೇ ಇಟ್ಟುಕೊಂಡಿತು. ಉದ್ದೇಶ ಗಂಧವನ್ನು ಕಳ್ಳರಿಂದ, ದುರಾಸೆಯಿಂದ ಕಾಪಾಡುವುದು. ಫಲವೇನು? ಮರ ಸರ್ಕಾರದ್ದು, ಕಾಯುವ ಹೊಣೆ ರೈತನದು; ಕಳುವಾದರೆ ಮೊದಲ ಸಂಶಯವೂ ರೈತನ ಮೇಲೆಯೇ. ಬೇಲಿಯಲ್ಲಿ ಹಕ್ಕಿ ಹಾಕಿದ ಬೀಜದಿಂದ ಗಂಧದ ಸಸಿ ಎದ್ದರೆ ಮನೆಯ ಹಿರಿಯರು ಸದ್ದಿಲ್ಲದೆ ಕಿತ್ತು ಬಿಸಾಡುತ್ತಿದ್ದರು. ಗಂಧದ ನಾಡು ಎಂದು ಹೆಸರಾದ ನಾಡಿನಲ್ಲಿ ಗಂಧದ ಸಸಿ ಮನೆಗೆ ಅಪಶಕುನವಾಯಿತು! 2001ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ಜಮೀನಿನ ಗಂಧ ಜಮೀನಿನ ಒಡೆಯನದೇ ಎಂದಾದ ಮೇಲೆ ರೈತರು ತಾವಾಗಿಯೇ ಗಂಧ ನೆಡಲು ಮುಂದೆ ಬಂದರು. ಕಳ್ಳರ ಭಯ ಇಂದಿಗೂ ತಪ್ಪಿಲ್ಲ, ಮಾರಾಟಕ್ಕೂ ಕಟ್ಟಳೆಗಳಿವೆ, ಅದು ಬೇರೆ ಮಾತು. ಆದರೆ ಸಸಿಯನ್ನು ಕೀಳುವ ಕೈ ಸಸಿಯನ್ನು ನೆಡುವ ಕೈಯಾದುದನ್ನು ಗಮನಿಸಬೇಕು.

"ಕಡಿಯಬಾರದು" ಎಂಬ ಕಟ್ಟಳೆ ಮಲೆನಾಡಿಗೆ ಹೊಸದೇ ಎಂದರೆ ಅದೂ ಅಲ್ಲ. ದೇವರ ಬನದಲ್ಲಿ ಒಣಗಿದ ಕಡ್ಡಿಯನ್ನೂ ಮನೆಗೆ ತರಬಾರದೆಂದು ಹಿಂದಿನವರು ನಡೆದುಕೊಂಡರು. ಆ ಕಟ್ಟಳೆಯನ್ನು ಹಾಕಿಕೊಂಡವರು ಊರಿನವರೇ, ಬನದ ನೀರು ಹರಿಯುತ್ತಿದ್ದುದು ಅವರ ಗದ್ದೆಗೇ. ಆದ್ದರಿಂದ ಅಲ್ಲಿ ಮರಿಗಿಡವೂ ಉಳಿಯಿತು.

ಈಗ ತೋಟದ ಬೇಸಾಯಕ್ಕೆ ಇದರಿಂದ ಆದ ನಷ್ಟವನ್ನು ನೋಡೋಣ. ಸಿಲ್ವರ್ ಕೆಟ್ಟ ಮರವಲ್ಲ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಈ ಮರಕ್ಕೆ ತೋಟದಲ್ಲಿ ಒಂದು ಸ್ಥಾನವಿದೆ. ಆದರೆ ಅದರ ನೆರಳು ತೆಳು. ಅದರ ಎಲೆ ಬೇಗ ಕೊಳೆಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಂದೇ ವರ್ಷ ನೆಟ್ಟ ಸಿಲ್ವರ್ ಒಂದೇ ವರ್ಷ ಮಾರಾಟಕ್ಕೆ ಬರುತ್ತದೆ. ಬೆಲೆ ಚೆನ್ನಾಗಿದೆಯೆಂದು ಇಡೀ ಬ್ಲಾಕನ್ನು ಒಮ್ಮೆಗೇ ಕಡಿಸಿದರೆ, ಇಪ್ಪತ್ತು ವರ್ಷ ನೆರಳಿನಲ್ಲಿದ್ದ ಅರೇಬಿಕಾ ಗಿಡ ಒಂದು ಬೇಸಿಗೆಯಲ್ಲಿ ಬಿಸಿಲಿಗೆ ಬೀಳುತ್ತದೆ.

ಬಿಸಿಲಿಗೆ ಬಿದ್ದ ಅರೇಬಿಕಾಕ್ಕೆ ಮೊದಲು ಬರುವ ಅತಿಥಿ ಬಿಳಿ ಕಾಂಡಕೊರಕ, ತೋಟದ ಮಾತಿನಲ್ಲಿ ಬೋರರ್. ಇದರ ದುಂಬಿ ಏಪ್ರಿಲ್–ಮೇ ತಿಂಗಳಲ್ಲೂ, ಅಕ್ಟೋಬರಿನಿಂದ ಡಿಸೆಂಬರ್‌ವರೆಗೂ ಹೊರಬಂದು ಹಾರಾಡುತ್ತದೆ. ಒಳ್ಳೆಯ ಬಿಸಿಲಿದ್ದಷ್ಟೂ ಅದಕ್ಕೆ ಹುರುಪು. ಬಿಸಿಲು ಬೀಳುವ ಕಾಂಡದ, ದಪ್ಪ ರೆಕ್ಕೆಗಳ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಒಳಹೊಕ್ಕು ತಿಂಗಳುಗಟ್ಟಲೆ ಕಾಂಡವನ್ನು ಕೊರೆಯುತ್ತದೆ. ಏಳೆಂಟು ವರ್ಷದೊಳಗಿನ ಎಳೆಯ ಗಿಡ ಒಂದೇ ವರ್ಷದಲ್ಲಿ ಸಾಯಬಹುದು. ಹಳೆಯ ಗಿಡ ಕೆಲವು ವರ್ಷ ಏಗುತ್ತದೆ.

ಇದಕ್ಕೆ ಕೊಟ್ಟ ಪರಿಹಾರವೂ ಸದುದ್ದೇಶದ್ದೇ ಆಗಿತ್ತು. ವಿಸ್ತರಣಾ ಕಾರ್ಯಕರ್ತರು ಬಿ.ಎಚ್.ಸಿ. ಪುಡಿಯನ್ನು ನೀರಿಗೆ ಕಲಸಿ ಕಾಂಡಕ್ಕೆ ಬಳಿಯಿರಿ ಎಂದರು, ಆಮೇಲೆ ಲಿಂಡೇನ್ ಎಂದರು. ಆಳುಗಳು ಬರಿಗೈಯಲ್ಲಿ ಬಳಿದರು. ಬಿ.ಎಚ್.ಸಿ. ಮಣ್ಣಿನಲ್ಲಿ ಬಹುಕಾಲ ಉಳಿಯುವ ವಿಷವೆಂದು 1997ರಲ್ಲಿ ದೇಶದಲ್ಲಿ ನಿಷೇಧವಾಯಿತು. ಆಮೇಲೆ ಲಿಂಡೇನೂ ಒಂದು ದಿನ ಹೋಯಿತು. ನೆರಳು ಮಾಡುತ್ತಿದ್ದ ಕೆಲಸವನ್ನು ಡಬ್ಬಿಯಿಂದ ಮಾಡಿಸಲು ಹೊರಟದ್ದು ಹೀಗೆ ಮುಗಿಯಿತು. ಇದರಲ್ಲಿ ಬೆಳೆಗಾರರ ತಪ್ಪಿಗಿಂತ ಸಲಹೆ ಕೊಟ್ಟವರ ತಪ್ಪೇ ಹೆಚ್ಚೆಂದು ಇಲ್ಲಿರುವ ವಿಸ್ತರಣಾ ಕಾರ್ಯಕರ್ತರು ಒಪ್ಪಿಕೊಂಡರೆ ಬೇಸರಪಡಬೇಕಾದ್ದಿಲ್ಲ.

ಇನ್ನು ಮಾಡಬೇಕಾದ್ದು. ಸಿಲ್ವರ್ ಮಾರಲೇಬೇಕಾದರೆ ಇಡೀ ಬ್ಲಾಕನ್ನು ಕಡಿಸದೆ, ನಾಲ್ಕೈದು ವರ್ಷಗಳಿಗೆ ಹಂಚಿ, ಅಲ್ಲಲ್ಲಿ ಆರಿಸಿ ತೆಗೆಸಬೇಕು. ತೆಗೆಯುವ ಎರಡು ಮೂರು ವರ್ಷ ಮೊದಲೇ ಆ ಜಾಗಕ್ಕೆ ಕೆಳನೆರಳಿನ ಹಾಲುವಾಣ ಬಂದಿರಬೇಕು. ಜೂನ್ ತಿಂಗಳ ಮಳೆಯಲ್ಲಿ ಸುಮಾರು ಆರೂವರೆ ಅಡಿ ಉದ್ದದ ಹಾಲುವಾಣದ ಗೂಟಗಳನ್ನು ಎರಡು ಕಾಫಿ ಗಿಡಕ್ಕೆ ಒಂದರಂತೆ ನೆಟ್ಟು, ಮೊದಲ ಬೇಸಿಗೆಯಲ್ಲಿ ಕಾಂಡ ಬಿಸಿಲಿಗೆ ಸುಡದಂತೆ ಸುಣ್ಣ ಬಳಿಯಬೇಕು. ಮೇಲ್ನೆರಳಿಗೆ ಗೋಣಿ, ಬಸರಿ, ಅತ್ತಿ, ಬಿಲ್ವಾರಗಳನ್ನು 40–45 ಅಡಿ ಅಂತರದಲ್ಲಿ ಬೆಳೆಸಬೇಕು. ದಕ್ಷಿಣ, ಪಶ್ಚಿಮದ ಇಳಿಜಾರಿನಲ್ಲಿ ಬಿಸಿಲು ಜೋರು. ಅಲ್ಲಿ ನೆರಳು ಸ್ವಲ್ಪ ಹೆಚ್ಚೇ ಇರಲಿ. ಹಾಗೆಂದು ಕತ್ತಲೆ ಮಾಡಿಟ್ಟರೆ ಮಳೆಗಾಲದಲ್ಲಿ ಕೊಳೆರೋಗಕ್ಕೆ ಕರೆ ಕೊಟ್ಟಂತೆ. ಮಳೆಗೆ ಮೊದಲು ಹದವಾದ ಮರಗಸಿ ತಪ್ಪಿಸಬಾರದು.

ಬೋರರಿಗೆ ಮಾರ್ಚಿಯಲ್ಲೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ, ಅಂದರೆ ದುಂಬಿ ಹಾರುವ ಮೊದಲೇ, ಗಿಡ ಗಿಡ ನೋಡಿ, ಕಾಂಡದಲ್ಲಿ ಉಬ್ಬುಗೆರೆ ಕಂಡವನ್ನು ಬುಡಸಹಿತ ಕಿತ್ತು ಸುಡಬೇಕು. ಕಿತ್ತ ಗಿಡವನ್ನು ಸೌದೆಗೆಂದು ಮನೆಯ ಹಿಂದೆ ಒಟ್ಟುವ ಅಭ್ಯಾಸ ಕೆಲವರಿಗಿದೆ; ದುಂಬಿ ಆ ರಾಶಿಯಿಂದಲೇ ಎದ್ದು ಬರುತ್ತದೆ. ಉಳಿದ ಗಿಡಗಳ ಸಡಿಲ ತೊಗಟೆಯನ್ನು ನಾರಿನ ಕೈಚೀಲದಿಂದಲೋ ತೆಂಗಿನ ಸಿಪ್ಪೆಯಿಂದಲೋ ಉಜ್ಜಿ, 200 ಲೀಟರ್ ನೀರಿಗೆ 20 ಕಿಲೋ ಸುಣ್ಣ ಕಲಸಿ, ಅಂಟು ಸೇರಿಸಿ, ಕಾಂಡಕ್ಕೂ ದಪ್ಪ ರೆಕ್ಕೆಗಳಿಗೂ ಬಳಿಯಬೇಕು. ಎಕರೆಗೆ ಹತ್ತರಂತೆ ಮೋಹಕ ಬಲೆಗಳನ್ನೂ ಕಟ್ಟಬಹುದು. ಸಂದೇಹವಿದ್ದವರು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರನ್ನು ಕೇಳಿ ತಿಳಿಯಬಹುದು. 1925ರಲ್ಲಿ ಆರಂಭವಾದ ಆ ಕೇಂದ್ರ ಬೆಳೆಗಾರರದೇ.

ಕೊನೆಯದಾಗಿ ಆ ಬೀಟೆ ಸಸಿಯ ವಿಷಯ. ಕಾಯ್ದೆ ಬದಲಾಗಲಿ ಎಂದು ಸಂಘಗಳ ಮೂಲಕ ಕೇಳುವುದು ಸರಿಯೇ. ಗಂಧದಲ್ಲಿ ಆದದ್ದು ಬೇರೆ ಮರಗಳಲ್ಲೂ ಆಗಬಾರದೆಂದೇನಿಲ್ಲ. ಅದಕ್ಕೆ ಕಾದು ಕೂತರೆ ಮಳೆಗಾಲಗಳು ಕಳೆದುಹೋಗುತ್ತವೆ. ಮೇಲ್ನೆರಳಿಗಾಗಿ ಮಾರಾಟದ ಲೆಕ್ಕ ಹಾಕದ ಮರಗಳನ್ನು, ಅತ್ತಿ, ಗೋಣಿ, ಬಸರಿಗಳನ್ನು, ಈ ವರ್ಷವೇ ಬಿಟ್ಟುಕೊಳ್ಳಬಹುದು. ಅವು ಹಲಗೆಗೆ ಬಾರದ ಮರಗಳು. ಅವುಗಳ ಸಂಬಳ ನೆರಳಿನಲ್ಲಿ, ದರಗಿನಲ್ಲಿ ಬರುತ್ತದೆ. ಗಂಧ ಎದ್ದಿದ್ದರೆ ಪಹಣಿಯಲ್ಲಿ ನಮೂದು ಮಾಡಿಸಿಕೊಳ್ಳಿ. ಕಳೆ ತೆಗೆಯಲು ಆಳುಗಳನ್ನು ಇಳಿಸುವ ಮೊದಲ ದಿನ ಬೆಳಿಗ್ಗೆ ಯಜಮಾನರೇ ಒಂದು ಸುತ್ತು ಬಂದು, ಉಳಿಸಬೇಕಾದ ಸಸಿಯ ಪಕ್ಕದಲ್ಲಿ ಒಂದೊಂದು ಗೂಟ ನೆಟ್ಟು, ತುದಿಗೆ ಸುಣ್ಣ ಬಳಿದು ಗುರುತು ಮಾಡಲಿ. ಕತ್ತಿ ಹಿಡಿದವನು ಗೂಟ ನೋಡಿದರೆ ತಾನಾಗಿ ಪಕ್ಕಕ್ಕೆ ಸರಿಯುತ್ತಾನೆ.