ಆಸ್ಪತ್ರೆಯ ಬಾಗಿಲಲ್ಲಿ ಹೊಸಬರು

ಪರಸ್ಥಳಕ್ಕೆ ಹೋದವನಿಗೆ ಅನ್ನ ದೊರೆಯುವುದು ಅಷ್ಟೇನೂ ಕಷ್ಟವಲ್ಲ. ಹೋಟೆಲಿನಲ್ಲಿ ಪಕ್ಕದವನ ತಟ್ಟೆಯನ್ನು ತೋರಿಸಿದರೂ ಇಡ್ಲಿ ಬರುತ್ತದೆ. ಸ್ಟೇಷನ್ನಿನ ಕಿಂಡಿಯಲ್ಲಿ ಊರಿನ ಹೆಸರೊಂದನ್ನು ಹೇಳಿದರೆ ಟಿಕೆಟ್ಟು ಕೈಗೆ ಬರುತ್ತದೆ. ಆದರೆ ಮೈಯೊಳಗಿನ ಬಾಧೆಯನ್ನು ಬೆರಳು ಮಾಡಿ ತೋರಿಸುವುದು ಹೇಗೆ? ಅದಕ್ಕೆ ಮಾತು ಬೇಕು. ಮಾತು ತಪ್ಪಿದರೆ ಏನಾಗುತ್ತದೆಂಬುದನ್ನು ನಾನು ಕಂಡಿದ್ದೇನೆ. ತಪ್ಪಿದ್ದು ನನ್ನದೇ ಮಾತು.

ನಾನು ಮಲೆನಾಡಿನವನು. ಕನ್ನಡ ಪಂಡಿತನಾಗಿ ಬಂಗಾರಪೇಟೆಗೆ ಬಂದಾಗ ಚಿನ್ನದ ಗಣಿ ಇನ್ನೂ ನಡೆಯುತ್ತಿತ್ತು. ನಮ್ಮ ವಠಾರದ ಹಿಂದುಗಡೆ ತಿರುಪತ್ತೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಒಬ್ಬಾತ ಬಿಡಾರ ಮಾಡಿದ್ದ. ಒಂದು ದಿನ ಬಾಗಿಲಿಗೆ ಬಂದು, ಸರ್ಕಾರಿ ಆಸ್ಪತ್ರೆಗೆ ಜೊತೆಯಲ್ಲಿ ಬರಬೇಕೆಂದು ಕೈಮುಗಿದ. "ವಾತ್ಯಾರೇ, ಒರು ಮಾಸಮಾ ಸಳಿ" ಎಂದ. ನನಗೆ ತಮಿಳು ಬರುತ್ತಿರಲಿಲ್ಲ. ಬರುತ್ತದೆಂಬ ಹೆಮ್ಮೆ ಮಾತ್ರ ಇತ್ತು. ತಮಿಳು ಕನ್ನಡಗಳು ಅಕ್ಕತಂಗಿಯರಲ್ಲವೆ! ಡಾಕ್ಟರ ಮುಂದೆ ನಿಂತು, "ಈತನಿಗೆ ಒಂದು ತಿಂಗಳಿಂದ ಚಳಿಯಂತೆ" ಎಂದು ಅನುವಾದ ಮಾಡಿದೆ. ಅವರು ಚಳಿಜ್ವರವಿರಬಹುದೆಂದು ರಕ್ತ ಪರೀಕ್ಷೆಗೆ ಬರೆದರು, ಮಾತ್ರೆ ಕೊಟ್ಟರು. ಎದುರಿಗೆ ನೂರು ಜನರ ಸಾಲು. ನಾನು ಹೇಳಿದ್ದನ್ನು ನಂಬಿದರು. ಆತ ದಾರಿಯುದ್ದಕ್ಕೂ ಕೆಮ್ಮುತ್ತಿದ್ದ. ರಸ್ತೆಯ ಧೂಳಿಗೆ ಎಂದುಕೊಂಡೆ.

ಎರಡು ವಾರ ಕಳೆದು, ತರಗತಿಯಲ್ಲಿ ಈ ಪರೋಪಕಾರವನ್ನು ನಾನೇ ವರ್ಣಿಸುತ್ತಿದ್ದಾಗ, ಮನೆಯಲ್ಲಿ ತಮಿಳಾಡುವ ಹುಡುಗನೊಬ್ಬ ಎದ್ದು ನಿಂತ. "ಸಾರ್, ಸಳಿ ಅಂದರೆ ಚಳಿ ಅಲ್ಲ, ಕಫ. ಚಳಿಗೆ ನಮ್ಮಲ್ಲಿ ಕುಳಿರು ಅಂತಾರೆ."

ಪಾಠವನ್ನು ಅಲ್ಲಿಗೇ ನಿಲ್ಲಿಸಿದೆ. ಮಾರನೆಯ ಬೆಳಿಗ್ಗೆ ಆತನನ್ನು ಮತ್ತೆ ಕರೆದುಕೊಂಡು ಹೋದೆ. ಕಫ ಪರೀಕ್ಷೆಯಾಯಿತು. ಕ್ಷಯ. ಅಷ್ಟು ದಿನವೂ ಆ ಒಂದು ಕೋಣೆಯಲ್ಲಿ ಆತನ ಹೆಂಡತಿಯೂ ಎರಡು ಮಕ್ಕಳೂ ಮಲಗುತ್ತಿದ್ದರು.

ತಮಿಳಿನ 'ವಯಿರು', ನಮ್ಮ 'ಬಸಿರು' ಒಂದೇ ಬೇರಿನವೆಂದು, ಹಳಗನ್ನಡದಲ್ಲಿ ಬಸಿರೆಂದರೆ ಹೊಟ್ಟೆಯೇ ಎಂದು ನಾನು ಪಾಠ ಹೇಳಿದವನು. ಆದರೆ ವಯಿರು ನೋವೆಂದು ಬಂದ ಮುದುಕಿಯನ್ನು ಹೆರಿಗೆ ವಾರ್ಡಿಗೆ ಕಳುಹಿಸಿದರೆ ಹೇಗೆ? ನಿಘಂಟಿನಲ್ಲಿ ನೆಂಟರಾದ ಮಾತುಗಳು ಆಸ್ಪತ್ರೆಯಲ್ಲಿ ದಾಯಾದಿಗಳಾಗಬಹುದು.

ಚಿನ್ನದ ಗಣಿಯ ಊರಾದರೋ ಮೊದಲಿನಿಂದಲೂ ಹೊಸಬರ ಊರು. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಹಿಡಿದ ಮೇಲೆ ಉತ್ತರ ಆರ್ಕಾಟು, ಸೇಲಂ ಕಡೆಯ ತಮಿಳರು, ತೆಲುಗರು, ಕಡಲಾಚೆಯ ಕಾರ್ನ್‌ವಾಲಿನವರು ಬಂದು ನೆಲೆಸಿದರು. ಚಾಂಪಿಯನ್ ರೀಫ್ಸ್‌ನಲ್ಲಿ ಗಣಿಯ ಆಸ್ಪತ್ರೆಯಿತ್ತು. ಅಲ್ಲಿ ಹೋದವನು ತಾನು ಯಾರೆಂದು ವಿವರಿಸಬೇಕಾಗಿರಲಿಲ್ಲ. ನೆಲದಡಿಯಲ್ಲಿ ಕಲ್ಲು ಕೊರೆಯುವವನೋ ಮೇಲೆ ಗಿರಣಿಯಲ್ಲಿರುವವನೋ ಎಂಬುದು ಆ ಆಸ್ಪತ್ರೆಗೆ ಗೊತ್ತು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಬರುವ ಸಿಲಿಕೋಸಿಸ್ ಅವರಿಗೆ ದಿನನಿತ್ಯದ ಕಾಯಿಲೆ. ೧೯೪೦ರ ದಶಕದಲ್ಲಿ ನಡೆದ ತಪಾಸಣೆಯಲ್ಲಿ, ನೋಡಿದ ಕಾರ್ಮಿಕರ ಪೈಕಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಅದು ತಗಲಿತ್ತು.

೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ಆಸ್ಪತ್ರೆಯೂ ಪಾಳುಬಿತ್ತು. ೨೦೨೧ರಲ್ಲಿ ಕೋವಿಡ್ಡಿನ ಎರಡನೆಯ ಅಲೆ ಬಂದಾಗ ಸ್ವಯಂಸೇವಕರು ಅದನ್ನು ಗುಡಿಸಿ ತೊಳೆದು ರೋಗಿಗಳಿಗಾಗಿ ತೆರೆದದ್ದು ನಿಮಗೆ ನೆನಪಿರಬಹುದು. ಮೂರು ತಲೆಮಾರು ಇಲ್ಲಿಯೇ ಹುಟ್ಟಿ ಬೆಳೆದವರು, ಗಣಿ ಮುಚ್ಚಿದಂದಿನಿಂದ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ಹೊಸಬರಾಗಿ ನಿಂತರು. ಹುಟ್ಟೂರಿನಲ್ಲೇ ಪರದೇಶಿಗಳಾಗುವುದೆಂದರೆ ಇದೇ ಸರಿ. ಎಷ್ಟೋ ಮಂದಿ ಮಾರಿಕುಪ್ಪದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋದರು. ಅವರ ಕಾಯಿಲೆಯೂ ಅದೇ ರೈಲಿನಲ್ಲಿ ಬೌರಿಂಗ್, ವಿಕ್ಟೋರಿಯಾ ಆಸ್ಪತ್ರೆಗಳಿಗೆ ಪ್ರಯಾಣ ಮಾಡಿತು. ನಮ್ಮ ಬಂಗಾರಪೇಟೆಯೂ ಒಂದು ಕಾಲಕ್ಕೆ ಬೌರಿಂಗ್‌ಪೇಟೆಯೇ ಆಗಿತ್ತು. ಹೆಸರು ಒಂದೇ ಎಂದು ಅಲ್ಲಿ ಯಾರೂ ಗುರುತು ಹಿಡಿಯುವುದಿಲ್ಲ.

ಆದಕಾರಣ ನಿಮ್ಮ ಮನೆಯಲ್ಲಿ ಗಣಿಯೊಳಗೆ ದುಡಿದ ತಂದೆಯೋ ಮಾವನವರೋ ಇದ್ದರೆ, ಡಾಕ್ಟರು ಕೇಳದಿದ್ದರೂ ಆ ಮಾತನ್ನು ಮೊದಲು ಹೇಳಿ. ಇಷ್ಟು ವರ್ಷ ನೆಲದಡಿಯಲ್ಲಿದ್ದರು, ಇಂಥ ಕೆಲಸ ಮಾಡಿದರು ಎಂದು. ಸಿಲಿಕೋಸಿಸ್ ತಗಲಿದ ಎದೆಗೆ ಕ್ಷಯ ಬೇಗ ಅಂಟಿಕೊಳ್ಳುತ್ತದೆ. ಬರಿಯ ಕೆಮ್ಮೆಂದು ಮಾತ್ರೆ ತಂದರೆ ಎರಡೂ ಕಾಣದೆ ಹೋಗಬಹುದು. ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಲೇಬೇಕು. ಪರೀಕ್ಷೆಗೂ ಔಷಧಿಗೂ ಹಣವಿಲ್ಲ. ಕ್ಷಯರೋಗಿಯ ಆಹಾರಕ್ಕೆಂದು ತಿಂಗಳಿಗೆ ೫೦೦ ರೂಪಾಯಿ ಕೊಡುವ ಏರ್ಪಾಡು ೨೦೧೮ರಲ್ಲಿ ಬಂದು, ೨೦೨೪ರ ನವೆಂಬರಿನಿಂದ ೧,೦೦೦ ಆಯಿತು. ಊರು ಬಿಟ್ಟು ಹೋಗುವಾಗ ಆಸ್ಪತ್ರೆಯಲ್ಲಿ ತಿಳಿಸಿದರೆ ಹೋದ ಊರಿನಲ್ಲಿಯೂ ಅದೇ ಔಷಧಿ ಮುಂದುವರಿಯುತ್ತದೆ. ಹೇಳದೆ ಹೋಗುವುದೇ ಅಪಾಯ.

ಈಗ ಹೊಸಬರು ಇನ್ನೂ ದೂರದವರು. ನರಸಾಪುರದ ಕಾರ್ಖಾನೆಗಳಿಗೆ, ಮಾಲೂರಿನ ಇಟ್ಟಿಗೆ ಗೂಡುಗಳಿಗೆ, ನಮ್ಮ ನಿಮ್ಮ ಮನೆ ಕಟ್ಟುವ ಕೆಲಸಕ್ಕೆ ಹೊರ ರಾಜ್ಯಗಳಿಂದ ಬರುತ್ತಾರೆ. ಅವರಿಗೆ ಕಾಯಿಲೆಗಿಂತ ಕಾಗದದ ಭಯ ಹೆಚ್ಚು. ಈ ಭಯ ಇಲ್ಲಿಗೆ ಹೊಸದೇನಲ್ಲ. ೧೯೩೦ರಲ್ಲಿ ಬೆರಳಚ್ಚು ತೆಗೆಯುವ ಏರ್ಪಾಡಿಗೆ ಹೆದರಿಯೂ ಸಿಟ್ಟಾಗಿಯೂ ಗಣಿ ಕಾರ್ಮಿಕರು ಮುಷ್ಕರವನ್ನೇ ಹೂಡಿದ್ದರು. ಅವರಿಗೆ ನೀವು ತಿಳಿಸಬೇಕಾದ ಸಂಗತಿ ಸ್ವಲ್ಪವೇ. ಸಾಮಾನ್ಯ ಜ್ವರ ಕೆಮ್ಮುಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಲು ಈ ರಾಜ್ಯದ ಪಡಿತರ ಚೀಟಿ ಬೇಕಿಲ್ಲ. ಬೆಳಿಗ್ಗೆ ಹೋಗಿ ಹೊರರೋಗಿ ಚೀಟಿ ಮಾಡಿಸಿದರೆ ಸಾಕು. ಆ ಚೀಟಿಯನ್ನು ಬಿಸಾಡಬಾರದು. ದೊಡ್ಡ ಶಸ್ತ್ರಚಿಕಿತ್ಸೆಯಾದರೆ ಆಯುಷ್ಮಾನ್ ಯೋಜನೆಯಲ್ಲಿ ಸೇರಿದ ರಾಜ್ಯದ ಕಾರ್ಡು ಇಲ್ಲಿಯೂ ನಡೆಯುತ್ತದೆ. ನಮ್ಮವರಿಗಾದರೆ ೨೦೧೮ರಿಂದ ಆರೋಗ್ಯ ಕರ್ನಾಟಕವೂ ಅದರೊಡನೆ ಕೂಡಿದೆ. ಬಡತನದ ರೇಖೆಯ ಕೆಳಗಿನ ಸಂಸಾರಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ. ಆದರೆ ತುರ್ತಿಲ್ಲದ ಪಕ್ಷದಲ್ಲಿ ನೇರವಾಗಿ ಖಾಸಗಿ ಆಸ್ಪತ್ರೆಗೆ ಓಡಬಾರದು. ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆಗದಿದ್ದರೆ ಅವರದೇ ಶಿಫಾರಸು ಪತ್ರ. ಈ ಒಂದು ಹೆಜ್ಜೆ ತಪ್ಪಿದವರು ಸಾಲ ಮಾಡುತ್ತಾರೆ. ತುರ್ತಿಗೆ ೧೦೮ ಇದ್ದೇ ಇದೆ.

ಮತ್ತೊಂದು ಮಾತು. ಮಕ್ಕಳನ್ನು ದುಭಾಷಿಗಳನ್ನಾಗಿ ಮಾಡಬೇಡಿ. ತಾಯಿಯ ಗರ್ಭಕೋಶದ ಕಾಯಿಲೆಯನ್ನು ಹತ್ತು ವರ್ಷದ ಮಗ ಡಾಕ್ಟರಿಗೆ ಹೇಳುವುದನ್ನು ನಾನು ಕೇಳಿದ್ದೇನೆ. ಆಕೆ ಅರ್ಧ ನುಂಗಿದಳು, ಮಗ ಉಳಿದರ್ಧ ನುಂಗಿದ. ನಿಮ್ಮಲ್ಲಿ ಯಾರಾದರೂ ಹೆಂಗಸರು ಒಂದು ಗಂಟೆ ಬಿಡುವು ಮಾಡಿಕೊಂಡು ಜೊತೆಗೆ ಹೋದರೆ ಆಕೆ ಬಾಯಿ ಬಿಟ್ಟು ಹೇಳುತ್ತಾಳೆ. ಭಾಷೆ ಪೂರ್ತಿ ಬರಬೇಕೆಂದಿಲ್ಲ. ಬಾರದ ಕಡೆ ಬಾರದೆನ್ನುವ ಧೈರ್ಯವಿದ್ದರೆ ಸಾಕು. ನನಗೆ ಅಂದು ಇರಲಿಲ್ಲ.

ಆ ಗಾರೆ ಕೆಲಸದವನು ತಿಂಗಳುಗಟ್ಟಲೆ ಮಾತ್ರೆ ನುಂಗಿ ಗುಣಮುಖನಾದ. ಈಗ ತಲೆ ನೆರೆತಿದೆ, ಕನ್ನಡ ನನ್ನಷ್ಟೇ ಬರುತ್ತದೆ. ಈಚೆಗೆ ಆಸ್ಪತ್ರೆಯ ಸಾಲಿನಲ್ಲಿ ಸಿಕ್ಕಿದ. ಪಕ್ಕದಲ್ಲಿ, ಅವನ ಕೈಕೆಳಗೆ ಕೆಲಸ ಮಾಡುವ ಬಿಹಾರದ ಹುಡುಗ. "ನಿನಗೆ ಹಿಂದಿ ಬರುತ್ತದೇನಪ್ಪಾ?" ಎಂದು ಕೇಳಿದೆ.

"ಇಲ್ಲ ವಾತ್ಯಾರೇ," ಎಂದ. "ಅದಕ್ಕೇ ನಾನು ಏನೂ ಹೇಳೋದಿಲ್ಲ. ಡಾಕ್ಟರ ಮುಂದೆ ಅವನೇ ಕೆಮ್ಮಿ ತೋರಿಸಲಿ."